ಕನ್ನಡ ಮೀಡಿಯಂನಿಂದ ಬಂದವರು ಬಿ.ಎಸ್ಸಿ. ಬೀಜಗಣಿತದ ಪೇಪರ್ ಓದುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಎರಡು ಕಷ್ಟ ಸೇರಿಕೊಂಡಿವೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಈಗ ಕಾಸರಗೋಡಿನಲ್ಲಿ ಬಿ.ಎಸ್ಸಿ. ಗಣಿತ ಸೇರಿದ್ದೀರಿ, ಪುಸ್ತಕ ಇಂಗ್ಲಿಷಿನಲ್ಲಿದೆ, ಕ್ಲಾಸಿನಲ್ಲಿ ವಿವರಣೆ ಮಲಯಾಳದಲ್ಲಿ ಬರುತ್ತದೆ ಅನ್ನುವುದು ಒಂದು. ಶಾಲೆಯಲ್ಲಿ ಬೀಜಗಣಿತದಲ್ಲಿ ಚೆನ್ನಾಗಿ ಮಾರ್ಕ್ ಬರುತ್ತಿತ್ತು, ಆದರೆ ಈ ಪೇಪರಿನಲ್ಲಿ ಬಿಡಿಸಲಿಕ್ಕೆ ಒಂದು ಸಮೀಕರಣವೂ ಇಲ್ಲ, ಬರೀ ಗ್ರೂಪ್, ಸಬ್‌ಗ್ರೂಪ್, ಪ್ರೂಫ್ ಅನ್ನುವುದು ಇನ್ನೊಂದು.

ನಾನು ಕುಂಬಳೆ ಕಡೆಯವಳು. ಇದೇ ದಾರಿಯಲ್ಲಿ ಬಂದು ಈಗ ಹೈಸ್ಕೂಲಿನಲ್ಲಿ ಕನ್ನಡ ಮಕ್ಕಳಿಗೆ ಗಣಿತ ಕಲಿಸುತ್ತೇನೆ. ನನಗೆ ಖಂಡಿತವಾಗಿ ಅನಿಸುವುದು ಏನೆಂದರೆ ನಿಮ್ಮ ಕಷ್ಟದಲ್ಲಿ ಭಾಷೆಯ ಪಾಲು ಕಡಿಮೆ, ವಿಷಯದ ಪಾಲು ಜಾಸ್ತಿ. ನಿಮ್ಮ ಪಕ್ಕದಲ್ಲಿ ಕೂತಿರುವ, ಇಂಗ್ಲಿಷ್ ಮೀಡಿಯಂನಿಂದ ಬಂದವರನ್ನು ಕೇಳಿ ನೋಡಿ. ಗ್ರೂಪ್ ಅಂದರೆ ಏನು ಅಂತ ಅವರಿಗೂ ತಲೆಬುಡ ಗೊತ್ತಾಗಿರುವುದಿಲ್ಲ. ಯಾಕೆಂದರೆ ಎಲ್ಲರೂ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ನೇರ ಪ್ರೂಫಿಗೆ ಹೋಗುತ್ತಾರೆ. ನಡುವೆ ಒಂದು ಕೆಲಸ ಬಾಕಿ ಉಳಿಯುತ್ತದೆ, ಅದು ಸಣ್ಣ ಸಣ್ಣ ಉದಾಹರಣೆಯನ್ನು ಕೈಯಾರೆ ಮಾಡಿ ನೋಡುವುದು.

ಈಗಲೇ ಒಂದು ಹಾಳೆ ತೆಗೆದುಕೊಳ್ಳಿ. 1, 3, 7, 9 ಈ ನಾಲ್ಕು ಸಂಖ್ಯೆಗಳನ್ನು ಮೇಲೆ ಒಂದು ಸಾಲು, ಎಡಗಡೆ ಒಂದು ಸಾಲು ಬರೆದು ಮಗ್ಗಿಯ ಕೋಷ್ಟಕ ಮಾಡಿ, ಆದರೆ ಗುಣಿಸಿ ಬಂದದ್ದರಲ್ಲಿ ಕೊನೆಯ ಅಂಕಿ ಮಾತ್ರ ಇಟ್ಟುಕೊಳ್ಳಿ. ಮೂರೇಳಲಿ 21, ಹಾಗಾಗಿ 1. ಏಳೊಂಬತ್ತಲಿ 63, ಹಾಗಾಗಿ 3. ಹದಿನಾರು ಮನೆ ತುಂಬಿಸಿದ ಮೇಲೆ ನೋಡಿ: ಹೊಸ ಸಂಖ್ಯೆ ಒಂದೂ ಬಂದಿಲ್ಲ, ಪ್ರತಿ ಸಾಲಿನಲ್ಲೂ ನಾಲ್ಕೂ ಒಂದೊಂದೇ ಸಲ ಬಂದಿವೆ. 1 ಯಾರನ್ನೂ ಬದಲಾಯಿಸುವುದಿಲ್ಲ, ಅದು ಐಡೆಂಟಿಟಿ. 3ಕ್ಕೆ ಇನ್ವರ್ಸ್ 7, ಅಂದರೆ ಎರಡನ್ನೂ ಗುಣಿಸಿದರೆ ಐಡೆಂಟಿಟಿ 1 ಬರುತ್ತದೆ. 9ಕ್ಕೆ 9 ತಾನೇ ಇನ್ವರ್ಸ್, ಯಾಕೆಂದರೆ 81. ಮೂರು ಸಂಖ್ಯೆ ಗುಣಿಸುವಾಗ ಯಾವ ಜೋಡಿಯನ್ನು ಮೊದಲು ಗುಣಿಸಿದರೂ ಉತ್ತರ ಒಂದೇ ಅನ್ನುವ ನಿಯಮ (ಅಸೋಸಿಯೇಟಿವ್) ಗುಣಾಕಾರಕ್ಕೆ ಹೇಗೂ ಇದೆ. ಇಷ್ಟೇ, ಇದು ಒಂದು ಗ್ರೂಪ್. ಈಗ 3ನ್ನು 3ರಿಂದಲೇ ಗುಣಿಸುತ್ತಾ ಹೋಗಿ: 3, 9, 7, 1. ಒಂದೇ ಸಂಖ್ಯೆಯಿಂದ ನಾಲ್ಕೂ ಹುಟ್ಟಿದವು. ಪುಸ್ತಕದಲ್ಲಿ ಸೈಕ್ಲಿಕ್ ಗ್ರೂಪ್ ಅನ್ನುವುದು ಇದಕ್ಕೇ.

ಅದರ ಪಕ್ಕದಲ್ಲೇ ಇನ್ನೊಂದು ಕೋಷ್ಟಕ ಮಾಡಿ. ಈ ಸಲ 1, 3, 5, 7. ಗುಣಿಸಿ 8ರಿಂದ ಭಾಗಿಸಿ, ಶೇಷ ಮಾತ್ರ ಇಟ್ಟುಕೊಳ್ಳಿ. 3 ಗುಣಿಸು 5 ಅಂದರೆ 15, ಶೇಷ 7. ಇದೂ ಗ್ರೂಪೇ, ಇದರಲ್ಲೂ ನಾಲ್ಕೇ ಸಂಖ್ಯೆ. ಆದರೆ 9, 25, 49 ಮೂರನ್ನೂ 8ರಿಂದ ಭಾಗಿಸಿ ನೋಡಿ, ಶೇಷ ಬರುವುದು 1. ಅಂದರೆ ಪ್ರತಿಯೊಂದೂ ತನಗೆ ತಾನೇ ಇನ್ವರ್ಸ್, ಯಾವ ಒಂದರಿಂದಲೂ ನಾಲ್ಕೂ ಹುಟ್ಟುವುದಿಲ್ಲ. ಸಂಖ್ಯೆ ನಾಲ್ಕೇ ಇದ್ದರೂ ಒಳಗಿನ ಕಟ್ಟು ಬೇರೆ. ಐಸೊಮಾರ್ಫಿಸಂ (ಎರಡು ಗ್ರೂಪಿನ ಒಳಗಿನ ಕಟ್ಟು ಒಂದೇ ಆಗಿರುವುದು) ಪಾಠ ಬಂದಾಗ ಈ ಎರಡು ಕೋಷ್ಟಕಗಳನ್ನು ಎದುರಿಗೆ ಇಟ್ಟುಕೊಂಡು ಕೂತುಕೊಳ್ಳಿ, ಅವೆರಡು ಯಾಕೆ ಐಸೊಮಾರ್ಫಿಕ್ ಅಲ್ಲ ಅಂತ ನೀವೇ ಹೇಳುತ್ತೀರಿ. ಸಬ್‌ಗ್ರೂಪ್ ಅಂದರೆ ಗ್ರೂಪಿನ ಒಳಗೇ ಇರುವ ಗ್ರೂಪ್, ಅದರಲ್ಲಿ ಎಷ್ಟು ಸಂಖ್ಯೆ ಇವೆಯೋ ಅದು ಇಡೀ ಗ್ರೂಪಿನ ಲೆಕ್ಕವನ್ನು ಭಾಗಿಸಲೇಬೇಕು ಅನ್ನುವ ಲಗ್ರಾಂಜ್ ಪ್ರಮೇಯಕ್ಕೂ ಇವೇ ಸಾಕು. ಮೂರು ಸಂಖ್ಯೆಯ ಸಬ್‌ಗ್ರೂಪ್ ಸಿಗುತ್ತದಾ ಅಂತ ಹುಡುಕಿ. ಸಿಗುವುದಿಲ್ಲ, 4ನ್ನು 3 ಭಾಗಿಸುವುದಿಲ್ಲವಲ್ಲ.

ಗ್ರೂಪ್ ಅಲ್ಲದ್ದನ್ನೂ ಮಾಡಿ ನೋಡಬೇಕು, ಇದು ತುಂಬಾ ಮುಖ್ಯ. 1ರಿಂದ 5ರವರೆಗಿನ ಸಂಖ್ಯೆ, 6ರ ಶೇಷ. 2 ಗುಣಿಸು 3 ಅಂದ ಕೂಡಲೇ 0 ಬಂತು, ಪಟ್ಟಿಯಿಂದ ಹೊರಗೆ ಹೋಯಿತು. ಯಾವ ನಿಯಮ ಎಲ್ಲಿ ಮುರಿಯಿತು ಅಂತ ಕಂಡಾಗಲೇ ಆ ನಿಯಮ ಯಾಕೆ ಇಟ್ಟಿದ್ದಾರೆ ಅಂತ ತಿಳಿಯುವುದು.

ವ್ಯಾಖ್ಯೆ ಓದುವಾಗ ಒಂದು ಕಡೆ ಜಾಗ್ರತೆ. ಐಡೆಂಟಿಟಿ ಎಲ್ಲದಕ್ಕೂ ಸೇರಿ ಒಂದೇ, ಇನ್ವರ್ಸ್ ಒಂದೊಂದಕ್ಕೂ ಒಂದೊಂದು. ಇಂಗ್ಲಿಷಿನಲ್ಲಿ ಎರಡೂ ವಾಕ್ಯ ಹೆಚ್ಚುಕಡಿಮೆ ಒಂದೇ ತರಹ ಕಾಣುತ್ತವೆ, ಹಿಂದುಮುಂದಾದರೆ ಇಡೀ ಪ್ರೂಫ್ ಹೋಯಿತು. ಹಾಗಾಗಿ ನೋಟ್ಸಿನ ಅಂಚಿನಲ್ಲಿ ಪ್ರತಿ ವ್ಯಾಖ್ಯೆಯನ್ನೂ ನಿಮ್ಮ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ.

ಪ್ರೂಫ್ ಅಂದರೆ ಹೆದರಬೇಡಿ. ಐಡೆಂಟಿಟಿ ಒಂದೇ ಇರುತ್ತದೆ ಅನ್ನುವ ಪ್ರೂಫ್ ತೆಗೆದುಕೊಳ್ಳಿ. ಇ ಮತ್ತು ಎಫ್ ಅಂತ ಎರಡು ಇವೆ ಅಂದುಕೊಳ್ಳಿ. ಎರಡನ್ನೂ ಗುಣಿಸಿ. ಇ ಐಡೆಂಟಿಟಿ ಆದ್ದರಿಂದ ಉತ್ತರ ಎಫ್. ಎಫ್ ಐಡೆಂಟಿಟಿ ಆದ್ದರಿಂದ ಅದೇ ಉತ್ತರ ಇ. ಹಾಗಾದರೆ ಎರಡೂ ಒಂದೇ, ಅಲ್ವಾ? ಮುಗಿಯಿತು. ಪ್ರತಿ ಸಾಲಿನ ಪಕ್ಕ ಯಾವ ನಿಯಮ ಬಳಸಿದೆ ಅಂತ ಬರೆಯುವ ರೂಢಿ ಮಾಡಿಕೊಂಡರೆ ಬಾಯಿಪಾಠದ ಅಗತ್ಯ ಬೀಳುವುದಿಲ್ಲ.

ಇದನ್ನು ಬೀಜಗಣಿತ ಅಂತ ಯಾಕೆ ಕರೆಯುತ್ತಾರೆ ಅಂತ ಕೇಳಿದ್ದೀರಿ, ಒಳ್ಳೆಯ ಪ್ರಶ್ನೆ. ಶಾಲೆಯಲ್ಲಿ ವರ್ಗ ಸಮೀಕರಣಕ್ಕೆ ಸೂತ್ರ ಕಲಿತಿರಲ್ಲ, ಹಾಗೆಯೇ ಮೂರು ಮತ್ತು ನಾಲ್ಕನೇ ಘಾತದವಕ್ಕೆ 16ನೇ ಶತಮಾನದಲ್ಲಿ ಇಟಲಿಯವರು ಸೂತ್ರ ಕಂಡುಹಿಡಿದರು. ಐದನೇ ಘಾತಕ್ಕೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಹಾಗೆ ವರ್ಗಮೂಲ, ಘನಮೂಲದಂಥವನ್ನು ತೆಗೆದು ಬಿಡಿಸುವ ಸಾಮಾನ್ಯ ಸೂತ್ರ ಇರಲಿಕ್ಕೇ ಸಾಧ್ಯವಿಲ್ಲ ಅಂತ 1824ರಲ್ಲಿ ನಾರ್ವೆಯ ಆಬೆಲ್ ತೋರಿಸಿದರು. ಯಾವ ಸಮೀಕರಣ ಬಿಡಿಸಲು ಬರುತ್ತದೆ, ಯಾವುದು ಬರುವುದಿಲ್ಲ ಅನ್ನುವುದನ್ನು ಅದರ ಮೂಲಗಳನ್ನು (ಅಂದರೆ ಉತ್ತರಗಳನ್ನು) ಅದಲುಬದಲು ಮಾಡುವ ಗ್ರೂಪಿನಿಂದ ಹೇಳಬಹುದು ಅಂತ ಕಂಡವರು ಫ್ರಾನ್ಸಿನ ಗಾಲ್ವಾ. 1832ರಲ್ಲಿ ತೀರಿಹೋದಾಗ ಅವರಿಗೆ ಬರೀ 20 ವರ್ಷ. ಅವರ ಬರಹ ಅಚ್ಚಾಗಿದ್ದು 1846ರಲ್ಲಿ. ಅಂದರೆ ನೀವು ಓದುತ್ತಿರುವುದು ಶಾಲೆಯ ಬೀಜಗಣಿತದ ಮುಂದಿನ ಪಾಠವೇ.

ಇನ್ನು ಭಾಷೆ. ಪ್ರೂಫ್ ಬರೆಯಲು ಬೇಕಾದ ಇಂಗ್ಲಿಷ್ ತುಂಬಾ ಸ್ವಲ್ಪ. ಸಪೋಸ್, ಸಿನ್ಸ್, ದೆನ್, ಹೆನ್ಸ್, ಇವುಗಳಲ್ಲೇ ಅರ್ಧ ಪೇಪರ್ ಮುಗಿಯುತ್ತದೆ. 'ಇಫ್ ಅಂಡ್ ಓನ್ಲಿ ಇಫ್' ಅಂತ ಇದ್ದರೆ ಮಾತ್ರ ಎರಡೂ ಕಡೆಯಿಂದ ಸಾಧಿಸಬೇಕು. ಒಂದೇ ಕಡೆ ಬರೆದು ಮಾರ್ಕ್ ಕಳೆದುಕೊಳ್ಳುವವರು ಬಹಳ. ಡೌಟ್ ಕೇಳಲು ಮಲಯಾಳ ಸರಿಯಾಗಿ ಬರುವುದಿಲ್ಲ ಅಂತ ಸುಮ್ನೆ ಕೂರಬೇಡಿ. ಲೆಕ್ಕವನ್ನು ಹಾಳೆಯಲ್ಲಿ ಬರೆದು ಟೀಚರ ಮುಂದೆ ಇಟ್ಟು ಸಿಕ್ಕಿಕೊಂಡ ಸಾಲನ್ನು ತೋರಿಸಿದರೆ ಸಾಕು, ಚಿಹ್ನೆಗಳು ಎಲ್ಲ ಭಾಷೆಯಲ್ಲೂ ಅವೇ. ಮನೆಗೆ ಬಂದ ಮೇಲೆ ಐಐಟಿಗಳು ಮತ್ತು ಐಐಎಸ್ಸಿ ಸೇರಿ ನಡೆಸುವ ಆನ್‌ಲೈನ್ ಪಾಠ ಯೋಜನೆಯಾದ ಎನ್‌ಪಿಟಿಇಎಲ್‌ನ ಪಾಠಗಳನ್ನು ನೋಡಬಹುದು, ಅವು ಯೂಟ್ಯೂಬಿನಲ್ಲಿ ಉಚಿತ. ಆದರೆ ಕೋಷ್ಟಕ ಮಾಡಿದ ಮೇಲೆ ನೋಡಿ, ಮೊದಲೇ ನೋಡಿದರೆ ಅರ್ಥವಾದ ಹಾಗೆ ಅನಿಸುತ್ತದೆ ಅಷ್ಟೇ.

ಪರ್ಮ್ಯುಟೇಶನ್ (ಸಂಖ್ಯೆಗಳನ್ನು ಅದಲುಬದಲು ಮಾಡುವುದು) ಪಾಠ ಶುರುವಾಗುವ ಮೊದಲು ಒಂದು ವಿಷಯ ಟೀಚರ ಹತ್ತಿರ ಕೇಳಿಟ್ಟುಕೊಳ್ಳಿ: ಗುಣಿಸುವುದು ಬಲದಿಂದ ಎಡಕ್ಕಾ, ಎಡದಿಂದ ಬಲಕ್ಕಾ ಅಂತ. ಕೆಲವು ಪುಸ್ತಕದಲ್ಲಿ ಹಾಗೆ, ಕೆಲವದರಲ್ಲಿ ಹೀಗೆ. (1 2) ಅಂದರೆ 1 ಮತ್ತು 2 ಅದಲುಬದಲು, (1 3 2) ಅಂದರೆ 1 ಹೋಗಿ 3, 3 ಹೋಗಿ 2, 2 ಹೋಗಿ 1 ಆಗುವುದು. (1 2)(1 3) ಇದನ್ನು ಬಲದಿಂದ ಮಾಡಿದರೆ (1 3 2) ಬರುತ್ತದೆ, ಎಡದಿಂದ ಮಾಡಿದರೆ (1 2 3). ನಿಮ್ಮ ಕ್ಲಾಸಿನಲ್ಲಿ ಯಾವ ಕ್ರಮವೋ ಪರೀಕ್ಷೆಯಲ್ಲೂ ಅದೇ ಬರೆಯಿರಿ, ಬೇರೆ ಪುಸ್ತಕದ ಉತ್ತರ ಹೊಂದಿಕೆಯಾಗದಿದ್ದರೆ ಮೊದಲು ಅದರ ಕ್ರಮ ಯಾವುದು ಅಂತ ನೋಡಿ.