ಹಡಗು ವ್ಯಾಜ್ಯಗಳ ಸಮಾವೇಶಕ್ಕೆ ದೂರು ಕೊಡಬಹುದೇ?

ಪ್ರಶ್ನೆ: ನಾವು ಕೆಲವು ಬೆಳೆಗಾರರು ಸೇರಿ ಕುಶಾಲನಗರದಲ್ಲಿ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ವಿಂಗಡಿಸುವ ಕೆಲಸ) ಮಾಡಿಸಿದ ರೋಬಸ್ಟಾ ಕಾಫಿಯನ್ನು ಮಂಗಳೂರಿನಿಂದ ಇಟಲಿಗೆ ಕಂಟೇನರಿನಲ್ಲಿ ಕಳುಹಿಸಿದ್ದೆವು. ಚೀಲಗಳಿಗೆ ಬೂಸ್ಟು ಹಿಡಿದಿದೆಯೆಂದು ಖರೀದಿದಾರರು ಹಣ ತಡೆಹಿಡಿದಿದ್ದಾರೆ. ಹಡಗು ಕಂಪೆನಿ ಹೊಣೆ ತನ್ನದಲ್ಲವೆನ್ನುತ್ತಿದೆ. ಹಡಗು ವ್ಯಾಜ್ಯಗಳನ್ನು ತೀರ್ಮಾನಿಸುವವರ ಅಂತರರಾಷ್ಟ್ರೀಯ ಸಮಾವೇಶವೊಂದು ನಡೆಯುತ್ತದೆಂದು ಕೇಳಿದ್ದೇವೆ. ದೂರನ್ನು ಅಲ್ಲಿಗೆ ಒಯ್ಯಬಹುದೇ?
– ಓದುಗರು, ಸಿದ್ದಾಪುರ, ಕೊಡಗು

ಉತ್ತರ: ಒಯ್ಯಲಾಗದು. ತಾವು ಕೇಳಿರುವುದು ಕಡಲ ವ್ಯಾಜ್ಯಗಳ ಮಧ್ಯಸ್ಥಗಾರರ, ಎಂದರೆ ನ್ಯಾಯಾಲಯದ ಹೊರಗೆ ತೀರ್ಪು ಕೊಡುವವರ, ಅಂತರರಾಷ್ಟ್ರೀಯ ಕಾಂಗ್ರೆಸ್ಸಿನ ಸಂಗತಿಯಿರಬೇಕು. 1972ರಲ್ಲಿ ಮಾಸ್ಕೋದಲ್ಲಿ ಆರಂಭವಾದ ಈ ಸಮಾವೇಶ 2015ರಲ್ಲಿ ಹಾಂಗ್‌ಕಾಂಗ್, 2017ರಲ್ಲಿ ಕೋಪನ್‌ಹೇಗನ್, 2020ರಲ್ಲಿ ರಿಯೋ ಡಿ ಜನೈರೊ ಎಂದು ಊರೂರು ಸುತ್ತುತ್ತ ಬಂದಿದೆ. ನಾಡಿನ ಊರುತಕ್ಕರೆಲ್ಲ (ಕೊಡಗಿನ ಊರ ಹಿರಿಯ ಮುಖ್ಯಸ್ಥರು) ಒಂದೆಡೆ ಕೂತು ತಂತಮ್ಮ ನ್ಯಾಯತೀರ್ಮಾನದ ರೀತಿಯನ್ನು ಚರ್ಚಿಸಿದರೆ ಹೇಗೋ ಹಾಗೆ ಅದು. ಯಾವ ಮನೆಯ ಜಗಳವೂ ಅಲ್ಲಿ ಬಗೆಹರಿಯುವುದಿಲ್ಲ.

ಹಾಗೆಂದು ಅದು ಬರಿಯ ಔತಣಕೂಟವಲ್ಲ, ಔತಣಗಳಿಗೇನೂ ಕೊರತೆಯಿಲ್ಲದಿದ್ದರೂ. ಲಂಡನ್ನಿನ ಮಧ್ಯಸ್ಥಿಕೆ ಗೋಪ್ಯವಾದುದರಿಂದ ಅಲ್ಲಿನ ತೀರ್ಪುಗಳು ಹೊರಬಂದರೂ ಹೆಸರುಗಳನ್ನು ತೆಗೆದ ಸಾರಾಂಶವಾಗಿಯೇ ಬರುತ್ತವೆ. ನ್ಯೂಯಾರ್ಕಿನ ಮಧ್ಯಸ್ಥಗಾರರ ಸಂಘವಾದರೋ ತನ್ನ ತೀರ್ಪುಗಳನ್ನು ಪ್ರಕಟಿಸುತ್ತದೆ. ಬಂದರಿನಲ್ಲಿ ಹಡಗು ತಡವಾಗಿ ನಿಂತುದಕ್ಕೆ ತೆರಬೇಕಾದ ಡೆಮರೇಜಿನಂಥ ಒಂದೇ ತಕರಾರನ್ನು ಬೇರೆ ಬೇರೆ ಬಂದರುನಗರಗಳವರು ಹೇಗೆ ನೋಡುತ್ತಾರೆಂಬುದು ವಕೀಲರಿಗೂ ಹಡಗು ಮಾಲೀಕರ ವಿಮಾ ಸಂಘಗಳವರಿಗೂ ತಿಳಿಯಲು ಇಂಥಲ್ಲಿ ಮಂಡನೆಯಾಗುವ ಪ್ರಬಂಧಗಳು ನೆರವಾಗುತ್ತವೆ.

ಆದರೆ ಮಧ್ಯಸ್ಥಿಕೆಯ ಷರತ್ತು ಹೆಚ್ಚಾಗಿ ಕಾಣುವುದು ಇಡೀ ಹಡಗನ್ನು ಬಾಡಿಗೆಗೆ ಪಡೆಯುವ ಕರಾರುಗಳಲ್ಲಿ. ಕಂಟೇನರ್ ಕಂಪೆನಿಗಳ ಬಿಲ್ ಆಫ್ ಲೇಡಿಂಗ್‌ನಲ್ಲಿ (ಸರಕು ಪಡೆದುದಕ್ಕೆ ಹಡಗಿನವರು ಕೊಡುವ ಸಾಗಣೆ ಪತ್ರ) ಸಾಮಾನ್ಯವಾಗಿ ಯಾವುದಾದರೊಂದು ನ್ಯಾಯಾಲಯವನ್ನೇ ಹೆಸರಿಸಿರುತ್ತಾರೆ. ಅದರ ಹಿಂಬದಿಯ ಸಣ್ಣಕ್ಷರಗಳನ್ನು ಮೊದಲು ಓದಿಸಿರಿ. ಸರಕು ತಲುಪಿದ ಒಂದು ವರ್ಷದೊಳಗೆ ದಾವೆ ಹೂಡದಿದ್ದರೆ ಹಡಗಿನವರ ಹೊಣೆ ಕಳಚಿಹೋಗುತ್ತದೆ; ಪತ್ರವ್ಯವಹಾರ ನಡೆದೇ ಇದ್ದರೂ ಈ ಗಡುವು ತಾನಾಗಿ ಮುಂದೆ ಹೋಗದು.

ಬೂಸ್ಟು ಹಿಡಿದುದು ಯಾವ ಸಾಲಿನ ಚೀಲಗಳಿಗೆ? ಯುರೋಪಿನ ಚಳಿಯಲ್ಲಿ ಕಂಟೇನರಿನ ಚಾವಣಿ ತಣ್ಣಗಾಗಿ, ಒಳಗಿನ ತೇವ ಹನಿಗಟ್ಟಿ ಮೇಲಿನ ಸಾಲಿನ ಮೇಲೆ ತೊಟ್ಟಿಕ್ಕುವುದುಂಟು. ಕ್ರಾಫ್ಟ್ ಕಾಗದ ಹೊದಿಸುವುದೂ ತೇವ ಹೀರುವ ಚೀಲಗಳನ್ನು ತೂಗುಹಾಕುವುದೂ ಅದಕ್ಕಾಗಿಯೇ. ಹಾನಿಯನ್ನು ಪರಿಶೀಲಿಸುವ ಸರ್ವೇಯರ್ ಒದ್ದೆ ಗೋಣಿಯ ಮೇಲೆ ಸಿಲ್ವರ್ ನೈಟ್ರೇಟ್ ದ್ರಾವಣದ ಹನಿ ಬಿಟ್ಟಾಗ ಅದು ಹಾಲಿನಂತೆ ಬೆಳ್ಳಗಾದರೆ ಕಡಲ ಉಪ್ಪುನೀರು ಒಳಹೊಕ್ಕ ಸೂಚನೆ, ಆಗ ಹಡಗಿನವರ ಮೇಲಿನ ತಮ್ಮ ವಾದಕ್ಕೆ ಬಲ ಬರುತ್ತದೆ. ಸರ್ವೇಯರ್ ವರದಿಯ ಪ್ರತಿಯನ್ನು ಈಗಲೇ ತರಿಸಿಕೊಳ್ಳಿರಿ.

ಖರೀದಿದಾರರೊಡನೆ ಇರುವ ವ್ಯಾಜ್ಯ ಬೇರೆಯೇ. ಎಫ್‌ಒಬಿ ಕರಾರಿನಲ್ಲಿ, ಎಂದರೆ ಸರಕನ್ನು ಹಡಗಿಗೆ ಏರಿಸುವವರೆಗಿನ ಹೊಣೆ ಮಾತ್ರ ಮಾರುವವರದೆಂಬ ಕರಾರಿನಲ್ಲಿ, ಮಾರಿದ್ದರೆ, ಕಾಫಿ ಹಡಗೇರಿದ ಮೇಲಿನ ಹಾನಿಯ ಅಪಾಯ ಸಾಮಾನ್ಯವಾಗಿ ಅವರದು. ತುಂಬಿಸುವಾಗಲೇ ಬೀಜದಲ್ಲಿ ತೇವ ಹೆಚ್ಚಿತ್ತೆಂದು ಅವರು ತೋರಿಸಿದರೆ ಮಾತ್ರ ಅದು ತಮ್ಮ ತಲೆಗೆ ಬರುತ್ತದೆ. ಆದ್ದರಿಂದ ಕಳುಹಿಸುವ ಮುನ್ನ ಕ್ಯೂರಿಂಗ್ ವರ್ಕ್ಸ್‌ನವರು ಬರೆದಿಟ್ಟ ತೇವಾಂಶದ ದಾಖಲೆ ಇದೆಯೇ ಎಂದು ವಿಚಾರಿಸಿರಿ.