ಯೋಧರು ಅಂದ್ಮೇಲೆ ಯೋಧರ ರಜೆನೂ ಕೊಡ್ಬೇಕಲ್ವಾ?

ಪತ್ರ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ಉದ್ದ ಇದೆ, ಪೂರ್ತಿ ಹಾಕೋಕೆ ಜಾಗ ಇಲ್ಲ, ಹಾಗಾಗಿ ಉಳಿದ ಓದುಗರಿಗೋಸ್ಕರ ಅದರ ಸಾರ ಮೊದ್ಲು ಹೇಳ್ಬಿಡ್ತೀನಿ. ನಿಮ್ಮ ಮನೆಯವರು, ಅಂದ್ರೆ ಹೆಂಡ್ತಿ, ಜಿಲ್ಲಾಸ್ಪತ್ರೆಯೊಂದರಲ್ಲಿ ಗುತ್ತಿಗೆ ಮೇಲೆ ಸ್ಟಾಫ್ ನರ್ಸ್, ಕೋವಿಡ್‌ನ ಮೊದಲ ಎರಡೂ ಅಲೆಲಿ ಕೋವಿಡ್ ವಾರ್ಡ್‌ನಲ್ಲೇ ಡ್ಯೂಟಿ ಮಾಡಿದವರು. ಈಗ ಇಷ್ಟು ವರ್ಷ ಆದ್ಮೇಲೂ ಡ್ಯೂಟಿಗೆ ಹೊರಡೋ ಹೊತ್ತಿಗೆ ಮುಖ ಇಳಿಬಿಡ್ತಾರೆ, ಮಕ್ಕಳ ಮೇಲೆ ಸುಮ್ಸುಮ್ನೆ ರೇಗ್ತಾರೆ, ಮೊನ್ನೆ "ಪೇಷೆಂಟ್ ಸತ್ರೂ ನಂಗೇನೂ ಅನ್ಸಲ್ಲ" ಅಂದ್ರಂತೆ, ಅದು ಕೇಳಿ ನೀವು ಬೆಚ್ಚಿಬಿದ್ರಿ. ಕೊನೆಗೆ ನೀವು ಕೇಳಿರೋದು: ಗಡೀಲಿರೋ ಸೈನಿಕರು ಇದಕ್ಕಿಂತ ಕಷ್ಟ ಪಡಲ್ವಾ, ಅವರ್ಯಾರೂ ಬರ್ನೌಟ್ (ಕೆಲಸದ ಒತ್ತಡಕ್ಕೆ ಮನಸ್ಸು ಬತ್ತಿಹೋಗೋದು) ಅನ್ನಲ್ವಲ್ಲ, ಇದು ಕಾಯಿಲೆನಾ, ಇವಳ ಮನಸ್ಸೇ ವೀಕಾ, ಯೋಗ ಕ್ಲಾಸಿಗೆ ಸೇರಿಸ್ಲಾ ಇಲ್ಲಾ ಕೆಲಸಾನೇ ಬಿಡಿಸ್ಲಾ?

ಸೈನಿಕರ ಮಾತು ತೆಗೆದಿದ್ದು ಒಳ್ಳೇದಾಯ್ತು, ಅಲ್ಲಿಂದಲೇ ಶುರು ಮಾಡೋಣ. ಸಿಯಾಚಿನ್ ಮೇಲಿನ ಪೋಸ್ಟ್‌ಗಳಲ್ಲಿ ಒಬ್ಬ ಸೈನಿಕನ್ನ ಸಾಮಾನ್ಯವಾಗಿ ಮೂರು ತಿಂಗಳಿಗೆ ಕೆಳಗಿಳಿಸ್ತಾರೆ. ಅವನು ವೀಕ್ ಅಂತ ಅಲ್ಲ, ಎಂಥಾ ಗಟ್ಟಿ ದೇಹಾನೂ ಅಲ್ಲಿ ಅದಕ್ಕಿಂತ ಜಾಸ್ತಿ ತಡಿಯಲ್ಲ ಅಂತ ಸೇನೆಗೆ ಗೊತ್ತಿದೆ. ಜೊತೆಗೆ ವಾರ್ಷಿಕ ರಜೆ, ಕ್ಯಾಂಟೀನ್ ಇದೆ, ಕಾಯಂ ಸೈನಿಕರಿಗೆ ಪಿಂಚಣಿ ಇದೆ, ಸತ್ರೆ ಹೆಂಡ್ತಿ ಮಕ್ಕಳನ್ನ ನೋಡ್ಕೊಳೋಕೆ ಒಂದು ವ್ಯವಸ್ಥೆ ಇದೆ. ನಾವು 2020ರಲ್ಲಿ ನರ್ಸು, ಡಾಕ್ಟರು, ಆಶಾ, ಲ್ಯಾಬ್ ಟೆಕ್ನಿಷಿಯನ್ ಎಲ್ಲರನ್ನೂ ಕೊರೊನಾ ಯೋಧರು ಅಂತ ಕರೆದು, ಯೋಧರ ಬಿರುದು ಒಂದು ಬಿಟ್ಟು ಮಿಕ್ಕಿದ್ದೇನೂ ಕೊಡ್ಲಿಲ್ಲ. (ಐವತ್ತು ಲಕ್ಷದ ವಿಮೆ ಇತ್ತು, ಅದನ್ನ ಮರೆತಿಲ್ಲ, ಆದ್ರೆ ಅದು ಸತ್ತವರ ಮನೆಗೆ. ಬದುಕಿ ನೈಟ್ ಡ್ಯೂಟಿ ಮಾಡೋಳಿಗೆ ಅದರಿಂದ ಏನ್ ಬಂತು?)

ಮತ್ತೆ ಸೈನಿಕರು ಕುಸಿಯಲ್ಲ ಅನ್ನೋದೂ ಸರಿಯಲ್ಲ. ಕಣ್ಮುಂದೆ ಸರಿಯಲ್ಲದ್ದು ನಡೀತಿದ್ರೂ ಏನೂ ಮಾಡೋಕಾಗದೆ ನಿಂತಾಗ ಮನಸ್ಸಿಗೆ ಆಗೋ ಗಾಯಕ್ಕೆ ಮೋರಲ್ ಇಂಜುರಿ ಅಂತಾರೆ, ಆ ಪದ ಬಂದಿದ್ದೇ ವಿಯೆಟ್ನಾಂ ಯುದ್ಧದಿಂದ ವಾಪಸ್ ಬಂದ ಸೈನಿಕರಿಗೆ ಚಿಕಿತ್ಸೆ ಕೊಡ್ತಿದ್ದ ಜೊನಾಥನ್ ಶೇ ಅನ್ನೋ ಮನೋವೈದ್ಯರಿಂದ. ಕೋವಿಡ್ ಟೈಮಲ್ಲಿ ಅದೇ ಪದ ಆಸ್ಪತ್ರೆಗಳಿಗೆ ಬಂತು. ಯಾಕೆ ಅಂತ ನಮ್ಮ ರಾಜ್ಯದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದಲ್ಲಿ ಆಕ್ಸಿಜನ್ ಸಾಲದೇ ಹೋದಾಗ 24 ಗಂಟೆಯೊಳಗೆ 24 ಜನ ತೀರ್ಕೊಂಡ್ರು ಅಂತ ಓದಿದ್ವಿ. ಆಮೇಲೆ ತನಿಖೆ, ಸಮಿತಿ, ಯಾರ ತಪ್ಪು, ಎಷ್ಟು ಪರಿಹಾರ ಎಲ್ಲಾ ಚರ್ಚೆ ಆಯ್ತು, ಆ ರಾತ್ರಿ ಆ ವಾರ್ಡ್‌ನಲ್ಲಿ ಡ್ಯೂಟಿಲಿದ್ದ ಸಿಸ್ಟರ್‌ಗಳು ಬೆಳಿಗ್ಗೆ ಮನೆಗೆ ಹೋಗಿ ಹೇಗೆ ಮಲಗಿದ್ರು ಅಂತ ಮಾತ್ರ ಯಾರೂ ಕೇಳಿದ ಹಾಗೆ ಕಾಣ್ಲಿಲ್ಲ.

ನಿಮ್ಮ ಮನೆಯವರು ಆ ದಿನಗಳ ಬಗ್ಗೆ ಬಾಯೇ ಬಿಡಲ್ಲ ಅಂತ ಬರ್ದಿದೀರ. ಬೇರೆಯವರು ನಂಗೆ ಹೇಳಿದ್ದನ್ನ ಸ್ವಲ್ಪ ಹೇಳ್ತೀನಿ. ಪಿಪಿಇ ಕಿಟ್ ಹಾಕಿದ್ರೆ ಆರು ಗಂಟೆ ನೀರಿಲ್ಲ, ಬಾತ್‌ರೂಂ ಇಲ್ಲ, ಮುಟ್ಟಾದ ದಿನಾನೂ ಅಷ್ಟೇ, ಎಷ್ಟೋ ಜನ ಡೈಪರ್ ಹಾಕ್ಕೊಂಡು ಹೋಗ್ತಿದ್ರು. ಗಾಗಲ್ಸ್ ಒಳಗೆ ಮಂಜು, ಕೈಗೆ ಎರಡೆರಡು ಗ್ಲೌಸ್, ಅದರಲ್ಲೇ ಮುದುಕರ ಕೈಲಿ ನರ ಹುಡುಕಿ ಕ್ಯಾನುಲಾ ಹಾಕ್ಬೇಕು. ಎಲ್ಲರೂ ಒಂದೇ ಥರ ಕಾಣ್ತಾರೆ ಅಂತ ಬೆನ್ನ ಮೇಲೆ ಮಾರ್ಕರಲ್ಲಿ ಹೆಸರು ಬರೀತಿದ್ರು. ಬೆಂಗಳೂರಿನ ಒಬ್ರು ಸಿಸ್ಟರ್ ಹೇಳಿದ್ದು ನನ್ನ ತಲೆಯಿಂದ ಹೋಗೇ ಇಲ್ಲ: ತೀರ್ಕೊಂಡವರ ಮೊಬೈಲ್‌ಗಳನ್ನ ಕವರಿಗೆ ಹಾಕಿ ನರ್ಸಿಂಗ್ ಸ್ಟೇಷನ್‌ನ ಟ್ರೇಲಿ ಇಡ್ತಿದ್ರಂತೆ, ಮನೆಯವರಿಗೆ ವಿಷಯ ಮುಟ್ಟೋವರೆಗೂ ಅವು ರಿಂಗ್ ಆಗ್ತಾನೇ ಇರ್ತಿದ್ವಂತೆ, ಸ್ಕ್ರೀನ್ ಮೇಲೆ "ಅಮ್ಮು" ಅಂತಲೋ "ಮನೆ" ಅಂತಲೋ. ಸಾವಿನ ಸುದ್ದಿ ಡಾಕ್ಟರೇ ಹೇಳ್ಬೇಕು ಅಂತ ರೂಲ್ಸು, ಹಾಗಾಗಿ ಇವರು ಎತ್ತೋ ಹಾಗಿಲ್ಲ, ಡಾಕ್ಟರ್ ಇನ್ನೊಂದು ಬೆಡ್ ಹತ್ರ ಇದಾರೆ. ಆಕೆ ಇವತ್ತಿಗೂ ತನ್ನ ಫೋನು ಸೈಲೆಂಟಲ್ಲೇ ಇಡ್ತಾರೆ.

ಈಗ "ಏನೂ ಅನ್ಸಲ್ಲ" ಅನ್ನೋ ಮಾತಿಗೆ ಬರ್ತೀನಿ. ಕ್ರಿಸ್ಟಿನಾ ಮಾಸ್ಲಾಕ್ ಅನ್ನೋ ಅಮೆರಿಕದ ಮನೋವಿಜ್ಞಾನಿ 1981ರಲ್ಲೇ ಬರ್ನೌಟ್ ಅಳೆಯೋ ಒಂದು ಪ್ರಶ್ನಾವಳಿ ಮಾಡಿದ್ರು, ಅದರಲ್ಲಿ ನೋಡೋದು ಮೂರು ವಿಷಯ. ಒಂದು, ನಿದ್ದೆ ಮಾಡಿದ್ರೂ ಹೋಗದ ಸುಸ್ತು. ಇನ್ನೊಂದು, ಎದುರಿಗಿರೋ ಮನುಷ್ಯ ಮನುಷ್ಯ ಅನ್ನಿಸದೆ "ಬೆಡ್ ನಂಬರ್ ಹನ್ನೊಂದು" ಆಗ್ಬಿಡೋದು. ಮೂರನೇದು, ನಾನು ಎಷ್ಟು ಮಾಡಿದ್ರೂ ಅಷ್ಟೇ, ಏನೂ ಪ್ರಯೋಜನ ಇಲ್ಲ ಅನ್ನೋ ಭಾವನೆ. ನಿಮ್ಮ ಮನೆಯವರು ಹೇಳಿದ್ದು ಆ ಎರಡನೇದು. ಅದು ಕಲ್ಲುಮನಸ್ಸಲ್ಲ ಸ್ವಾಮಿ, ಪ್ರತಿ ಸಾವಿಗೂ ಅತ್ರೆ ಮುಂದಿನ ಬೆಡ್ಡಿಗೆ ಡ್ರಿಪ್ ಹಾಕೋಕೆ ಕೈ ನಿಲ್ಲಲ್ಲ ಅಂತ ಮನಸ್ಸು ತಾನೇ ಮಾಡ್ಕೊಂಡ ಏರ್ಪಾಡು, ಅದು ಡ್ಯೂಟಿ ಮುಗಿದ್ಮೇಲೂ ಬಿಡದೆ ಮನೆವರೆಗೂ ಬಂದಿದೆ ಅಷ್ಟೇ.

ಕಾಯಿಲೆನಾ ಅಂತ ಕೇಳಿದೀರ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸ್ಪಷ್ಟವಾಗಿ ಹೇಳ್ತು, ಬರ್ನೌಟ್ ಕಾಯಿಲೆ ಅಲ್ಲ, ಕೆಲಸದ ಜಾಗದ ದೀರ್ಘಕಾಲದ ಒತ್ತಡವನ್ನ ಸರಿಯಾಗಿ ನಿಭಾಯಿಸದೇ ಇದ್ದಿದ್ರಿಂದ ಬರೋ ಸ್ಥಿತಿ ಅಂತ. ನನಗಂತೂ ಇಡೀ ವಿಷಯದ ತಿರುಳು ಇದೇ. ಕಾರಣ ಇರೋದು ಡ್ಯೂಟಿ ಲಿಸ್ಟಲ್ಲಿ. ಐಸಿಯುನಲ್ಲಿ ವೆಂಟಿಲೇಟರ್ ಮೇಲಿರೋ ಒಬ್ಬ ರೋಗಿಗೆ ಒಬ್ರು ನರ್ಸ್ ಅನ್ನೋದು ಪುಸ್ತಕದಲ್ಲಿರೋ ನಿಯಮ, ನಿಮ್ಮ ಮನೆಯವರನ್ನ ಕೇಳಿ ನೋಡಿ, ನಗ್ತಾರೆ. 2020ರ ಆಗಸ್ಟಲ್ಲಿ ನಂಜನಗೂಡಿನ ತಾಲ್ಲೂಕು ಆರೋಗ್ಯಾಧಿಕಾರಿ ಜೀವ ಕಳ್ಕೊಂಡಾಗ ಮೈಸೂರು ಜಿಲ್ಲೆಯ ಡಾಕ್ಟರ್‌ಗಳು ಬೀದಿಗಿಳಿದು ಹೇಳಿದ್ದೂ ಇದೇ, ಟೆಸ್ಟಿಂಗ್ ಟಾರ್ಗೆಟ್‌ನ ಒತ್ತಡ ತಡಿಯೋಕಾಗ್ತಿಲ್ಲ ಅಂತ. ಅದೇ ವರ್ಷ ಜುಲೈನಲ್ಲಿ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ಗೌರವಧನ ಕೊಡಿ, ಸರಿಯಾದ ಮಾಸ್ಕು ಗ್ಲೌಸ್ ಕೊಡಿ ಅಂತ ಮುಷ್ಕರ ಕೂತ್ರು. ಅದಕ್ಕೆ ಕೆಲವೇ ತಿಂಗಳ ಹಿಂದೆ ನಾವೆಲ್ಲ ಬಾಲ್ಕನಿಲಿ ನಿಂತು ತಟ್ಟೆ ಬಡಿದಿದ್ವಿ, ಇನ್ನೊಂದು ಕಡೆ ಬೆಂಗಳೂರಿನ ಬಡಾವಣೆಗಳಲ್ಲೇ ಸರ್ವೇಗೆ ಹೋದ ಆಶಾಗಳ ಮೇಲೆ ಕೈ ಮಾಡಿದ್ರು, ಹಲ್ಲೆ ತಡೆಯೋಕೆ ಏಪ್ರಿಲಲ್ಲಿ ಕೇಂದ್ರ ಸುಗ್ರೀವಾಜ್ಞೆನೇ ತರಬೇಕಾಯ್ತು. 2022ರಲ್ಲಿ ದೇಶದ ಆಶಾಗಳಿಗೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಶಸ್ತಿ ಬಂತು, ಸಂತೋಷ, ಆದ್ರೆ 2025ರ ಜನವರಿಲಿ ನಮ್ಮ ಆಶಾಗಳು ಮತ್ತೆ ಬೆಂಗಳೂರಿನ ಫ್ರೀಡಂ ಪಾರ್ಕಲ್ಲಿ ಚಳಿಲಿ ರಾತ್ರಿ ಮಲಗಿದ್ರು, ಕೇಳಿದ್ದು ಮತ್ತದೇ ಗೌರವಧನ.

ಹಾಗಾಗಿ ಯೋಗ ಕ್ಲಾಸಿನ ವಿಚಾರ. ಯೋಗದ ಮೇಲೆ ನಂಗೇನೂ ಕೋಪ ಇಲ್ಲ, ಅವರೇ ಇಷ್ಟಪಟ್ಟು ಹೋದ್ರೆ ಬೇಡ ಅನ್ಬೇಡಿ. ಆದ್ರೆ ವಾರಕ್ಕೆ ಸಿಗೋ ಒಂದು ಆಫ್ ದಿನ ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಚಾಪೆ ಕೊಟ್ಟು ಕಳಿಸಿದ್ರೆ ಅದೂ ಇನ್ನೊಂದು ಡ್ಯೂಟಿನೇ. ಬದಲಿಗೆ ನಿಮ್ಮ ಕೈಲಿ ಆಗೋದು ಮಾಡಿ. ನೈಟ್ ಮುಗಿಸಿ ಬಂದ ದಿನ ತಿಂಡಿ, ಮಕ್ಕಳ ಟಿಫಿನ್ ಬಾಕ್ಸು, ಸ್ಕೂಲ್ ವ್ಯಾನು ನಿಮ್ಮ ಪಾಲಿಗಿರ್ಲಿ, ಮಧ್ಯಾಹ್ನದವರೆಗೂ ಯಾರೂ ಬಾಗಿಲು ತಟ್ಟದ ಹಾಗೆ ನೋಡ್ಕೊಳ್ಳಿ, ನೆಂಟರಿಗೂ ಹೇಳಿಡಿ. ಅವರಾಗಿ ಹೇಳಿದ್ರೆ ಕೇಳಿಸ್ಕೊಳ್ಳಿ, ನಡುವೆ ಬುದ್ಧಿ ಹೇಳೋಕೆ ಹೋಗ್ಬೇಡಿ. ಸೈನಿಕರ ಉದಾಹರಣೆ ಅಂತೂ ದಯವಿಟ್ಟು ಬೇಡ.

ಒಂದು ವಿಷಯ ಮಾತ್ರ ಬೇರೆಯಾಗಿ ಗಮನಿಸಿ. ಬರ್ನೌಟ್ ಸಾಮಾನ್ಯವಾಗಿ ಕೆಲಸದ ಸುತ್ತಲೇ ಇರುತ್ತೆ, ನಾಲ್ಕು ದಿನ ರಜೆ ಸಿಕ್ಕಿ ತವರಿಗೆ ಹೋದ್ರೆ ಸ್ವಲ್ಪ ಗೆಲುವಾಗ್ತಾರೆ. ಅಲ್ಲಿ ಹೋದ್ರೂ ಹಾಗೇ ಇದ್ರೆ, ಊಟ ನಿದ್ದೆ ವಾರಗಟ್ಟಲೆ ಕೆಟ್ರೆ, ಇಷ್ಟವಾಗಿದ್ದು ಯಾವುದೂ ಬೇಡ ಅಂದ್ರೆ, ಬದುಕಿ ಏನಾಗ್ಬೇಕು ಅನ್ನೋ ಮಾತು ಬಂದ್ರೆ ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ, ತಡ ಮಾಡ್ಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಲ್ಲಾದ್ರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ತಾನು ಕೆಲಸ ಮಾಡೋ ಆಸ್ಪತ್ರೆಲೇ ಮನೋವೈದ್ಯರ ಓಪಿಡಿ ಮುಂದೆ ಕೂರೋಕೆ ನರ್ಸ್‌ಗಳಿಗೆ ಸಂಕೋಚ ಆಗುತ್ತೆ, ಹಾಗಿದ್ರೆ ಪಕ್ಕದ ಜಿಲ್ಲೆಗೆ ಕರ್ಕೊಂಡು ಹೋಗಿ.

ಕೆಲಸ ಬಿಡಿಸ್ಲಾ ಅಂತ ಕೇಳಿದೀರಲ್ಲ, ಅದು ನೀವು ಬಿಡಿಸೋದಲ್ಲ, ಅವರು ಬಿಡೋದು ಅಥವಾ ಬಿಡದೇ ಇರೋದು. ಸುಸ್ತಿನ ನಡುವೆ ಅಂಥ ತೀರ್ಮಾನ ಬೇಡ ಅಂತ ಮಾತ್ರ ನನ್ನ ಸಲಹೆ. ಮೊದ್ಲು ವಾರ್ಡ್ ಬದಲಾವಣೆ ಕೇಳ್ಲಿ, ಒಬ್ರೇ ಕೇಳಿದ್ರೆ ಆಗಲ್ಲ ಅಂತಾರೆ, ನಾಲ್ಕೈದು ಜನ ಸಿಸ್ಟರ್‌ಗಳು ಸೇರಿ ನರ್ಸಿಂಗ್ ಸೂಪರಿಂಟೆಂಡೆಂಟ್‌ಗೆ ಲಿಖಿತವಾಗಿ ಕೊಟ್ರೆ, ಐಸಿಯು ಕ್ಯಾಷುವಾಲ್ಟಿಲಿ ಯಾರನ್ನೂ ಇಷ್ಟು ತಿಂಗಳಿಗಿಂತ ಜಾಸ್ತಿ ಇಡಬೇಡಿ ಅಂತ, ಅದಕ್ಕೊಂದು ಇನ್ವರ್ಡ್ ನಂಬರ್ ಬೀಳುತ್ತೆ, ಅಂದ್ರೆ ಕಚೇರಿ ದಾಖಲೆಗೆ ಸೇರುತ್ತೆ. ನಮ್ಮ ಪತ್ರಿಕೆಗೂ ಒಂದು ಪ್ರತಿ ಕಳಿಸಿ.

ಗುತ್ತಿಗೆ ರಿನ್ಯೂವಲ್‌ಗೆ ತೊಂದ್ರೆ ಆಗ್ಬಾರ್ದು, ಹೆಸರು ಹಾಕ್ಬೇಡಿ ಅಂತ ಪತ್ರದ ಕೊನೇಲಿ ಕೆಂಪು ಇಂಕಲ್ಲಿ ಬರ್ದಿದ್ರಿ, ಹೆಸರು, ಊರು, ಜಿಲ್ಲೆ ಯಾವುದನ್ನೂ ಹಾಕಿಲ್ಲ.

– ಸಂ.