ಓದದೇ ಉಳಿದ ಪೋಸ್ಟುಗಳ ರಾಶಿ

ಪ್ರಶ್ನೆ: ಇಷ್ಟದ ಕನ್ನಡ ಬ್ಲಾಗುಗಳಲ್ಲಿ ಯಾರು ಯಾವಾಗ ಬರೆದರು ಅಂತಲೇ ಈಗ ಗೊತ್ತಾಗುವುದಿಲ್ಲ. ಫೇಸ್‌ಬುಕ್‌ನಲ್ಲಿ ಲಿಂಕ್ ಕಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಬ್ಲಾಗುಗಳ ಹೊಸ ಪೋಸ್ಟುಗಳನ್ನೆಲ್ಲ ಒಂದೇ ಕಡೆ ತಂದುಕೊಡುವ ಫೀಡ್ ರೀಡರ್ ಹಾಕಿಕೊಂಡೆ, ಅದರಲ್ಲಿ ಓದದ ಪೋಸ್ಟುಗಳೇ ಸಾವಿರ ದಾಟಿವೆ. ತೆರೆಯಲು ಭಯ. ನೀವು ಹೇಗೆ ನಿಭಾಯಿಸುತ್ತೀರಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಆ ಸಾವಿರವನ್ನು ಒಂದೇ ಏಟಿಗೆ ‘ಓದಿದ್ದಾಯಿತು’ ಅಂತ ಗುರುತು ಹಾಕಿಬಿಡಿ. ಅದಕ್ಕೆ ರೀಡರ್‌ನಲ್ಲೇ ಬಟನ್ ಇರುತ್ತದೆ. ಏನೂ ಕಳೆದುಹೋಗುವುದಿಲ್ಲ, ಪೋಸ್ಟು ಬ್ಲಾಗಿನಲ್ಲೇ ಇರುತ್ತದೆ.

ಆಮೇಲೆ ರೀಡರ್‌ಗೆ ನೀವು ಸೇರಿಸಿಕೊಂಡಿರುವ ಸೈಟುಗಳ ಪಟ್ಟಿ ನೋಡಿ. ಅದರಲ್ಲಿ ಎರಡು ಮೂರು ಸುದ್ದಿ ಸೈಟುಗಳಿವೆ, ಅಲ್ವಾ? ರಾಶಿ ಹಾಕುವವು ಅವೇ. ಕಿತ್ತುಹಾಕಿ. ದಿನವಿಡೀ ಸುದ್ದಿ ಸುರಿಯುವ ಸೈಟು ಪಟ್ಟಿಯಲ್ಲಿದ್ದರೆ, ಆರು ತಿಂಗಳಿಗೊಮ್ಮೆ ತಮ್ಮೂರಿನ ಕೆರೆ ಬಗ್ಗೆಯೋ ಅಜ್ಜಿಯ ಅಡುಗೆ ಬಗ್ಗೆಯೋ ಚೆಂದದ ಬರಹವೊಂದನ್ನು ಹಾಕಿ ಮತ್ತೆ ಮಾಯವಾಗುವವರು ಅದರಡಿ ಹೂತೇ ಹೋಗುತ್ತಾರೆ. ರೀಡರ್ ಬೇಕಿರುವುದೇ ಇಂಥವರಿಗಾಗಿ. ದಿನಾ ಬರೆಯುವವರನ್ನು ನೀವಾಗಿಯೇ ಹೋಗಿ ನೋಡುತ್ತೀರಿ. ಅಪರೂಪಕ್ಕೆ ಬರೆಯುವವರ ಬಾಗಿಲನ್ನು ಯಾರು ದಿನಾ ತಟ್ಟುತ್ತಾರೆ ಹೇಳಿ?

ನನ್ನ ರೀಡರ್‌ನಲ್ಲಿ ಎರಡೇ ಫೋಲ್ಡರ್. ಒಂದು ‘ಬಿಡಬಾರದವರು’. ಇನ್ನೊಂದು ‘ಪುರುಸೊತ್ತಿದ್ದಾಗ’. ಎರಡನೆಯದನ್ನು ವಾರದ ಕೊನೆಗೆ ಓದಿರಲಿ ಬಿಡಲಿ ಖಾಲಿ ಮಾಡುತ್ತೇನೆ, ಅದಕ್ಕೆ ಬೇಜಾರಿಲ್ಲ. ನೋಟಿಫಿಕೇಶನ್ ಆಫ್. ಬೆಳಿಗ್ಗೆ ಕಾಫಿ ಜೊತೆ ತಲೆಬರಹ ನೋಡಿ, ಉದ್ದದ ಬರಹಕ್ಕೆ ಸ್ಟಾರ್ ಒತ್ತಿ, ರಾತ್ರಿಗೆ ಇಟ್ಟುಕೊಳ್ಳುತ್ತೇನೆ. ಹೊಸ ಬ್ಲಾಗು ಸಿಕ್ಕರೆ ಸೀದಾ ಎರಡನೇ ಫೋಲ್ಡರ್‌ಗೆ. ಹಿಡಿಸಿದರೆ ಮಾತ್ರ ಬಡ್ತಿ.

ಇನ್ನೊಂದು ಮಾತು. 2005ರಲ್ಲಿ ಶುರುವಾದ ಗೂಗಲ್ ರೀಡರ್ 2013ರ ಜುಲೈ 1ರಂದು ಬಾಗಿಲು ಹಾಕಿತು. ಪಟ್ಟಿ ಇಳಿಸಿಕೊಳ್ಳಲು ಗಡುವು ಕೊಟ್ಟಿದ್ದರು. ಇಳಿಸಿಕೊಂಡವರು ಫೀಡ್ಲಿಯಂಥ ಕಡೆ ಗುಳೆ ಹೋದರು. ಇವತ್ತು ಯಾವುದನ್ನೇ ಬಳಸಿ, ಫೀಡ್ಲಿಯೋ ಇನೋರೀಡರ್ರೋ, ಆಪಲ್‌ನವರಾದರೆ ಪುಕ್ಕಟೆ ಸಿಗುವ ನೆಟ್‌ನ್ಯೂಸ್‌ವೈರೋ, ಅದರ ಸೆಟ್ಟಿಂಗ್ಸ್‌ನಲ್ಲಿ ಒಪಿಎಂಎಲ್ ಎಕ್ಸ್‌ಪೋರ್ಟ್ ಹುಡುಕಿ. ನಿಮ್ಮ ಪಟ್ಟಿಯಷ್ಟೂ ಒಂದು ಪುಟ್ಟ ಫೈಲಾಗಿ ಬರುತ್ತದೆ, ಬೇರೆ ರೀಡರ್‌ಗೆ ಹಾಗೇ ಹಾಕಬಹುದು. ವರ್ಷಕ್ಕೊಮ್ಮೆಯಾದರೂ ಇಳಿಸಿಡಿ.

ಪ್ರಶ್ನೆ: ನನಗಿಷ್ಟವಾದ ಬ್ಲಾಗಿನಲ್ಲಿ ಆ ಕಿತ್ತಳೆ ಬಣ್ಣದ ಫೀಡ್ ಗುರುತೇ ಇಲ್ಲ. ಏನು ಮಾಡಲಿ?
– ಓದುಗರೊಬ್ಬರು, ದುಬೈ

ಉತ್ತರ: ಗುರುತು ಬೇಕಿಲ್ಲ. ಬ್ಲಾಗಿನ ವಿಳಾಸವನ್ನೇ ರೀಡರ್‌ಗೆ ಅಂಟಿಸಿ, ಬಹಳಷ್ಟು ಸಲ ಫೀಡನ್ನು, ಅಂದರೆ ಹೊಸ ಪೋಸ್ಟುಗಳನ್ನು ರೀಡರ್‌ಗೆ ತಲುಪಿಸುವ ಕೊಂಡಿಯನ್ನು, ಅದೇ ಹುಡುಕಿಕೊಳ್ಳುತ್ತದೆ. ಸಿಗಲಿಲ್ಲವೆಂದರೆ, ವರ್ಡ್‌ಪ್ರೆಸ್ ಬ್ಲಾಗಾದರೆ ವಿಳಾಸದ ಕೊನೆಗೆ ಓರೆಗೆರೆ (/) ಹಾಕಿ ಇಂಗ್ಲಿಷಿನಲ್ಲಿ ‘ಫೀಡ್’ ಅಂತ ಸೇರಿಸಿ ನೋಡಿ. ಬ್ಲಾಗರ್‌ನದಾದರೆ ‘ಫೀಡ್ಸ್’, ‘ಪೋಸ್ಟ್ಸ್’, ‘ಡಿಫಾಲ್ಟ್’ ಮೂರನ್ನೂ ಒಂದೊಂದು ಓರೆಗೆರೆಯ ನಂತರ ಬರೆಯಿರಿ. ಯೂಟ್ಯೂಬ್ ಚಾನೆಲ್‌ಗಳಿಗೂ ಫೀಡ್ ಇದೆ, ಚಾನೆಲ್ ವಿಳಾಸ ಅಂಟಿಸಿದರೆ ಸಾಕಾಗಬಹುದು. ಕೆಲವು ಬ್ಲಾಗುಗಳಿಂದ ಮೊದಲ ನಾಲ್ಕು ಸಾಲು ಮಾತ್ರ ಬರುತ್ತದೆ. ಅದು ನಿಮ್ಮ ರೀಡರ್‌ನ ದೋಷವಲ್ಲ, ಬರೆಯುವವರೇ ಹಾಗೆ ಇಟ್ಟಿರುತ್ತಾರೆ. ಉಳಿದದ್ದಕ್ಕೆ ಬ್ಲಾಗಿಗೇ ಹೋಗಿ, ಹಾಗೇ ಒಂದು ಕಮೆಂಟೂ ಹಾಕಿ ಬನ್ನಿ.